ಗೆಲಿಲಿಯೊ: ಆಕಾಶವನ್ನು ಮನೆಮಾತಿನಲ್ಲಿ ತಿಳಿಸಿದ ತಂದೆ

ಗೆಲಿಲಿಯೊ ಗೆಲಿಲಿ ಎಂಬ ಹೆಸರನ್ನು ನಮ್ಮ ಮಕ್ಕಳು ಶಾಲೆಯ ವಿಜ್ಞಾನ ಪಾಠದಲ್ಲಿ ಓದುತ್ತಾರೆ. ಓದಿದ ಮೇಲೆ ಕೆಲವರಾದರೂ ಮನೆಗೆ ಬಂದು ಒಂದು ಪ್ರಶ್ನೆ ಕೇಳುತ್ತಾರೆ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದು ಹೇಳಿದ್ದಕ್ಕೆ ಧರ್ಮಸಭೆ ಅವನನ್ನು ಶಿಕ್ಷಿಸಿತಂತೆ, ಅದು ನಿಜವೇ ಎಂದು. ಇಂಥ ಪ್ರಶ್ನೆ ಬಂದಾಗ ಕೆಲವು ಹೆತ್ತವರು ಮಕ್ಕಳ ಬಾಯಿ ಮುಚ್ಚಿಸುತ್ತಾರೆ. ಇನ್ನು ಕೆಲವರು ಅದೆಲ್ಲ ಧರ್ಮಸಭೆಗೆ ಆಗದವರು ಕಟ್ಟಿದ ಕಥೆ ಎಂದು ತಳ್ಳಿಹಾಕುತ್ತಾರೆ. ಎರಡೂ ಸರಿಯಲ್ಲ. ಅದು ನಡೆದದ್ದು ನಿಜ. ಆದರೆ ಪಾಠದಲ್ಲಿ ಬರುವ ನಾಲ್ಕು ಸಾಲಿನಲ್ಲಿ ಗೆಲಿಲಿಯೊನ ಬದುಕು ಮುಗಿಯುವುದಿಲ್ಲ. ಅವನು ಪ್ರಾರ್ಥನೆ ಬಿಡದ ಕಥೋಲಿಕನಾಗಿದ್ದ. ಮೂರು ಮಕ್ಕಳ ತಂದೆಯಾಗಿದ್ದ. ಅವರಲ್ಲಿ ಇಬ್ಬರು ಕನ್ಯಾಸ್ತ್ರೀಯರು. ಅಲ್ಲದೆ, ವಿದ್ವಾಂಸರ ಲತೀನ್ ಭಾಷೆಯಲ್ಲಿ ಬೀಗ ಹಾಕಿಟ್ಟಿದ್ದ ಆಕಾಶದ ವಿಷಯವನ್ನು ಸಾಮಾನ್ಯ ಜನರ ಮುಂದೆ ಬಿಚ್ಚಿಟ್ಟ ಮೇಷ್ಟ್ರೂ ಅವನೇ.

ತಂದೆಯ ತಂತಿ

ಗೆಲಿಲಿಯೊ ಹುಟ್ಟಿದ್ದು ಇಟಲಿಯ ಪೀಸಾ ನಗರದಲ್ಲಿ, 1564ರ ಫೆಬ್ರವರಿ 15ರಂದು. ತಂದೆ ವಿನ್ಚೆಂಜೊ ಸಂಗೀತಗಾರ. ಮನೆಯಲ್ಲಿ ಹಾಡಿಗೆ ಕೊರತೆಯಿರಲಿಲ್ಲ, ಹಣಕ್ಕೆ ಇತ್ತು. ವಿನ್ಚೆಂಜೊಗೆ ಒಂದು ಸ್ವಭಾವವಿತ್ತು. ಹಿಂದಿನವರು ಬರೆದಿಟ್ಟಿದ್ದಾರೆ ಎಂಬ ಒಂದೇ ಕಾರಣಕ್ಕೆ ಅವನು ಏನನ್ನೂ ಒಪ್ಪುತ್ತಿರಲಿಲ್ಲ. ತಂತಿಗೆ ಕಟ್ಟಿದ ತೂಕವನ್ನು ಎರಡು ಪಟ್ಟು ಮಾಡಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ ಎಂದು ಹಳೆಯ ಗ್ರಂಥಗಳು ಹೇಳುತ್ತಿದ್ದವು. ಅವನು ನಿಜವಾಗಿಯೂ ತಂತಿಗಳಿಗೆ ತೂಕ ಕಟ್ಟಿ ಮೀಟಿ ನೋಡಿದ. ಎರಡು ಪಟ್ಟು ಸಾಲದು, ನಾಲ್ಕು ಪಟ್ಟು ಬೇಕು ಎಂದು ತಿಳಿಯಿತು. ಶತಮಾನಗಳ ಕಾಲ ಯಾರೂ ತೂಕ ಕಟ್ಟಿ ನೋಡಿರಲೇ ಇಲ್ಲ! ಮಗ ಮುಂದೆ ಮಾಡಿದ್ದೆಲ್ಲವೂ ತಂದೆಯ ಈ ಪಾಠದ ಮುಂದುವರಿಕೆ ಎನ್ನಬಹುದು.

ಬಾಲಕ ಗೆಲಿಲಿಯೊ ವಲ್ಲೊಂಬ್ರೊಸ ಎಂಬಲ್ಲಿನ ಸನ್ಯಾಸಿಗಳ ಮಠದಲ್ಲಿ ಓದಿದ. ಅಲ್ಲಿಯೇ ಸನ್ಯಾಸಿಯಾಗುವ ಆಸೆ ಅವನಲ್ಲಿ ಮೂಡಿತ್ತು. ತಂದೆ ಒಪ್ಪದೆ ಅವನನ್ನು ಹಿಂದಕ್ಕೆ ಕರೆತಂದ. ಮಗ ವೈದ್ಯನಾಗಿ ನಾಲ್ಕು ಕಾಸು ಸಂಪಾದಿಸಲಿ ಎಂದು 1581ರಲ್ಲಿ ಪೀಸಾ ವಿಶ್ವವಿದ್ಯಾಲಯಕ್ಕೆ ಸೇರಿಸಿದ. ಆದರೆ ಹುಡುಗನ ಮನಸ್ಸು ಗಣಿತಕ್ಕೆ ಒಲಿಯಿತು. 1585ರಲ್ಲಿ ಪದವಿಯಿಲ್ಲದೆ ಹೊರಬಂದ. ಮುಂದೆ 1589ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕನಾದ. ಎರಡು ವರ್ಷಗಳಲ್ಲಿ ತಂದೆ ತೀರಿಕೊಂಡ. ತಂಗಿಯರ ವರದಕ್ಷಿಣೆಯ ಹೊರೆ ಹಿರಿಯ ಮಗನ ಹೆಗಲೇರಿತು. 1592ರಲ್ಲಿ ಹೆಚ್ಚು ಸಂಬಳದ ಪದುವಾ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ 18 ವರ್ಷ ಕಲಿಸಿದ.

ಬೀಳುವ ಕಲ್ಲು, ತೂಗುವ ಗುಂಡು

ಭಾರವಾದ ವಸ್ತು ಬೇಗ ಬೀಳುತ್ತದೆ, ಹಗುರವಾದದ್ದು ನಿಧಾನವಾಗಿ ಬೀಳುತ್ತದೆ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಹೇಳಿದ್ದ. ನಮಗೂ ಹಾಗೆಯೇ ತೋರುತ್ತದೆ. ಗೆಲಿಲಿಯೊ ಒಂದು ಸರಳ ಯೋಚನೆಯನ್ನು ಮುಂದಿಟ್ಟ. ಒಂದು ದೊಡ್ಡ ಕಲ್ಲಿಗೆ ಒಂದು ಸಣ್ಣ ಕಲ್ಲನ್ನು ಕಟ್ಟಿ ಬಿಟ್ಟರೆ ಏನಾಗಬೇಕು? ಸಣ್ಣ ಕಲ್ಲು ನಿಧಾನವಾಗಿ ಬೀಳುವಂಥದ್ದಾದ್ದರಿಂದ ದೊಡ್ಡದನ್ನು ಹಿಂದಕ್ಕೆ ಎಳೆಯಬೇಕು. ಆದರೆ ಎರಡೂ ಸೇರಿ ತೂಕ ಹೆಚ್ಚಾಯಿತಲ್ಲ, ಆದ್ದರಿಂದ ಇನ್ನೂ ಬೇಗ ಬೀಳಬೇಕು. ಒಂದೇ ವಸ್ತು ನಿಧಾನವಾಗಿಯೂ ಬೇಗವಾಗಿಯೂ ಬೀಳಲು ಸಾಧ್ಯವೇ? ಆದ್ದರಿಂದ ಹಳೆಯ ಮಾತಿನಲ್ಲೇ ಎಲ್ಲೋ ದೋಷವಿದೆ. ಗಾಳಿಯ ತಡೆ ಇಲ್ಲದಿದ್ದರೆ ಎಲ್ಲ ವಸ್ತುಗಳೂ ಸಮನಾಗಿ ಬೀಳುತ್ತವೆ.

ಮನೆಯಲ್ಲಿ ಮಕ್ಕಳೊಂದಿಗೆ ಹೀಗೆ ಮಾಡಿ ನೋಡಿ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಕಾಗದದ ಚೂರು ಹಿಡಿದು ಒಟ್ಟಿಗೆ ಬಿಡಿ. ಕಾಗದ ತೇಲುತ್ತಾ ತಡವಾಗಿ ಬರುತ್ತದೆ. ಈಗ ಅದೇ ಚೂರನ್ನು ಪುಸ್ತಕದ ಮೇಲಿಟ್ಟು ಬಿಡಿ. ಕಾಗದ ಪುಸ್ತಕದ ಅಂಚಿನಿಂದ ಹೊರಗೆ ಚಾಚಿರಬಾರದು, ಅಷ್ಟೇ. ಎರಡೂ ಒಟ್ಟಿಗೇ ನೆಲ ಮುಟ್ಟುತ್ತವೆ. ಕಾಗದವನ್ನು ಮೊದಲು ತಡೆದದ್ದು ಅದರ ಹಗುರತನವಲ್ಲ, ಗಾಳಿ. 1971ರಲ್ಲಿ ಅಪೊಲೊ 15ರ ಯಾತ್ರಿ ಡೇವಿಡ್ ಸ್ಕಾಟ್ ಗಾಳಿಯೇ ಇಲ್ಲದ ಚಂದ್ರನ ಮೇಲೆ ನಿಂತು ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಬಿಟ್ಟರು. ಎರಡೂ ಏಕಕಾಲಕ್ಕೆ ನೆಲಕ್ಕೆ ಬಿದ್ದವು.

ಗೆಲಿಲಿಯೊ ಪೀಸಾದ ವಾಲಿದ ಗೋಪುರದಿಂದ ಗುಂಡುಗಳನ್ನು ಬೀಳಿಸಿದ ಎಂಬ ಕಥೆ ಪ್ರಸಿದ್ಧ. ಅದನ್ನು ಬರೆದವನು ಅವನ ಶಿಷ್ಯ ವಿವಿಯಾನಿ. ಇತಿಹಾಸಕಾರರು ಅದನ್ನು ಪೂರ್ತಿ ನಂಬುವುದಿಲ್ಲ. ನಿಜವಾದ ಕೆಲಸ ನಡೆದದ್ದು ಪದುವಾದಲ್ಲಿ, ಇಳಿಜಾರು ಹಲಗೆಯ ಮೇಲೆ. ನೇರವಾಗಿ ಬೀಳುವ ಗುಂಡಿನ ವೇಗವನ್ನು ಅಳೆಯಲು ಆಗ ಗಡಿಯಾರಗಳೇ ಇರಲಿಲ್ಲ. ಆದ್ದರಿಂದ ಹಲಗೆಯಲ್ಲಿ ಕೊರೆದ ನುಣುಪಾದ ಕಾಲುವೆಯಲ್ಲಿ ಗುಂಡನ್ನು ನಿಧಾನವಾಗಿ ಉರುಳಿಸಿದ. ಪಾತ್ರೆಯಿಂದ ಸಣ್ಣ ಕೊಳವೆಯ ಮೂಲಕ ಸುರಿದ ನೀರನ್ನು ತೂಗಿ ಕಾಲವನ್ನು ಲೆಕ್ಕ ಹಾಕಿದ. ಮೊದಲ ಕ್ಷಣದಲ್ಲಿ ಗುಂಡು 1 ಅಳತೆ ಉರುಳಿದರೆ ಎರಡನೆಯ ಕ್ಷಣದಲ್ಲಿ 3, ಮೂರನೆಯದರಲ್ಲಿ 5, ನಾಲ್ಕನೆಯದರಲ್ಲಿ 7. ಕೂಡಿಸುತ್ತಾ ಹೋದರೆ 1, 4, 9, 16. ಕಾಲ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು, ಕಾಲ ಮೂರು ಪಟ್ಟಾದರೆ ದೂರ ಒಂಬತ್ತು ಪಟ್ಟು. ಒಂದು ಗುಂಡು ಉರುಳುವುದರಲ್ಲೂ ಇಷ್ಟು ಅಚ್ಚುಕಟ್ಟಾದ ಲೆಕ್ಕವಿದೆ!

ತೂಗಾಡುವ ವಸ್ತುವನ್ನೂ ಅವನು ಹೀಗೆಯೇ ಗಮನಿಸಿದ. ಸುಮಾರು ಒಂದು ಮೀಟರ್ ಉದ್ದದ ದಾರಕ್ಕೆ ಕಲ್ಲು ಕಟ್ಟಿ ತೂಗಬಿಟ್ಟರೆ ಅದು ಹೋಗಿ ಬರಲು ಸುಮಾರು 2 ಸೆಕೆಂಡು ಬೇಕು. ಸ್ವಲ್ಪ ಜೋರಾಗಿ ತೂಗಿದರೂ ಮೆಲ್ಲನೆ ತೂಗಿದರೂ ಸಮಯ ಹೆಚ್ಚುಕಡಿಮೆ ಅಷ್ಟೇ. ಕಲ್ಲಿನ ತೂಕ ಬದಲಿಸಿದರೂ ಅಷ್ಟೇ. ದಾರದ ಉದ್ದ ಬದಲಿಸಿದರೆ ಮಾತ್ರ ಸಮಯ ಬದಲಾಗುತ್ತದೆ. ಮುಂದೆ ಲೋಲಕದ ಗಡಿಯಾರಗಳು ಬಂದದ್ದು ಇದೇ ತತ್ತ್ವದ ಮೇಲೆ.

ಕೊಳವೆಯೊಳಗೆ ಕಂಡ ಆಕಾಶ

1609ರಲ್ಲಿ ಹಾಲೆಂಡಿನಲ್ಲಿ ಯಾರೋ ದೂರದ್ದನ್ನು ಹತ್ತಿರ ತೋರಿಸುವ ಕೊಳವೆ ಮಾಡಿದ್ದಾರೆ ಎಂಬ ಸುದ್ದಿ ಇಟಲಿಗೆ ಬಂತು. ಗೆಲಿಲಿಯೊ ತಾನೇ ಮಸೂರಗಳನ್ನು ಉಜ್ಜಿ ನಯಗೊಳಿಸಿ ದೂರದರ್ಶಕವನ್ನು ಕಟ್ಟಿದ. ಆ ವರ್ಷ ಮುಗಿಯುವ ಹೊತ್ತಿಗೆ ಅವನ ಕೊಳವೆ ವಸ್ತುಗಳನ್ನು ಸುಮಾರು 20 ಪಟ್ಟು ದೊಡ್ಡದಾಗಿ ತೋರಿಸುತ್ತಿತ್ತು. ಅದನ್ನು ಅವನು ಆಕಾಶದತ್ತ ತಿರುಗಿಸಿದ.

ಮೊದಲು ಚಂದ್ರ. ಚಂದ್ರ ಕಲೆಯಿಲ್ಲದ ನುಣುಪಾದ ಗೋಳ ಎಂದು ಪಂಡಿತರು ಕಲಿಸುತ್ತಿದ್ದರು. ಗೆಲಿಲಿಯೊ ಕಂಡದ್ದು ಬೇರೆ. ಚಂದ್ರನ ಬೆಳಕು ಮತ್ತು ಕತ್ತಲೆ ಕೂಡುವ ಗೆರೆಯ ಆಚೆ, ಕತ್ತಲೆಯ ಭಾಗದಲ್ಲಿ, ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳಿದ್ದವು. ಹೊತ್ತು ಕಳೆದಂತೆ ಅವು ದೊಡ್ಡದಾದವು. ನಮ್ಮಲ್ಲಿ ಬೆಳಗಿನ ಬಿಸಿಲು ಮೊದಲು ಬೆಟ್ಟದ ತುದಿಗೆ ತಾಗಿ ಆಮೇಲೆ ಕಣಿವೆಗೆ ಇಳಿಯುವುದಿಲ್ಲವೇ? ಅಲ್ಲಿ ನಡೆಯುತ್ತಿದ್ದದ್ದೂ ಅದೇ. ಚಂದ್ರನ ಮೇಲೂ ಬೆಟ್ಟಗಳಿವೆ ಎಂದು ಅವನಿಗೆ ಖಚಿತವಾಯಿತು. ಬರಿಗಣ್ಣಿಗೆ ಆರು ನಕ್ಷತ್ರಗಳಾಗಿ ತೋರುವ ಕೃತ್ತಿಕೆಯ ಗೊಂಚಲಿನಲ್ಲಿ ಇನ್ನೂ 40ಕ್ಕೂ ಹೆಚ್ಚು ನಕ್ಷತ್ರಗಳು ಕಂಡವು. ಹಾಲು ಚೆಲ್ಲಿದಂತಿರುವ ಆಕಾಶಗಂಗೆ ಲೆಕ್ಕವಿಲ್ಲದ ನಕ್ಷತ್ರಗಳ ರಾಶಿಯಾಗಿ ಒಡೆದು ತೋರಿತು.

1610ರ ಜನವರಿ 7ರ ರಾತ್ರಿ ಅವನು ಗುರು ಗ್ರಹವನ್ನು ನೋಡಿದ. ಅದರ ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಮೂರು ಸಣ್ಣ ಚುಕ್ಕಿಗಳು, ಎರಡು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಮರುದಿನ ಮೂರೂ ಪಶ್ಚಿಮಕ್ಕಿದ್ದವು. 10ರಂದು ಎರಡೇ ಕಂಡವು, ಅವೂ ಪೂರ್ವಕ್ಕೆ. 13ರಂದು ನಾಲ್ಕು ಕಂಡವು. ರಾತ್ರಿಯಿಂದ ರಾತ್ರಿಗೆ ಚಿತ್ರ ಬಿಡಿಸಿಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಅವು ನಕ್ಷತ್ರಗಳಲ್ಲ, ಗುರುವಿನ ಸುತ್ತ ತಿರುಗುವ ನಾಲ್ಕು ಚಂದ್ರಗಳು.

ಇದರ ಮಹತ್ವವೇನು? ಆಕಾಶದಲ್ಲಿರುವುದೆಲ್ಲ ಭೂಮಿಯ ಸುತ್ತಲೇ ತಿರುಗುತ್ತದೆ ಎಂಬುದು ಅಂದಿನ ಕಲಿಕೆ. ಪೋಲೆಂಡಿನ ಕೋಪರ್ನಿಕಸ್ ಎಂಬ ಕಥೋಲಿಕ ವಿದ್ವಾಂಸ, ಪ್ರಧಾನಾಲಯವೊಂದರ ಸೇವೆಯಲ್ಲಿದ್ದವನು, 1543ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದು ವಾದಿಸಿದ್ದ. ಆ ಗ್ರಂಥವನ್ನು ಜಗದ್ಗುರು ಮೂರನೇ ಪೌಲರಿಗೇ ಅರ್ಪಿಸಿದ್ದ. ಭೂಮಿ ಚಲಿಸಿದರೆ ಚಂದ್ರ ಹಿಂದೆ ಉಳಿದುಬಿಡುವುದಿಲ್ಲವೇ ಎಂದು ಅವನ ಎದುರಾಳಿಗಳು ಕೇಳುತ್ತಿದ್ದರು. ಗುರು ಗ್ರಹ ಚಲಿಸುತ್ತದೆ ಎಂಬುದನ್ನು ಎಲ್ಲರೂ ಒಪ್ಪಿದ್ದರು. ಅದು ತನ್ನ ನಾಲ್ಕು ಚಂದ್ರಗಳನ್ನು ಕರೆದುಕೊಂಡೇ ಹೋಗುತ್ತಿದೆಯಲ್ಲ! ಭೂಮಿಗೆ ಮಾತ್ರ ಒಂದು ಚಂದ್ರ ಭಾರವೇ?

ಆ ವರ್ಷದ ಕೊನೆಯಲ್ಲಿ ಅವನು ಶುಕ್ರನನ್ನು, ನಾವು ಬೆಳ್ಳಿಚುಕ್ಕಿ ಎನ್ನುವುದನ್ನು, ಗಮನಿಸಿದ. ಅದೂ ಚಂದ್ರನಂತೆ ಗುಂಡಗಾಗಿ, ಅರ್ಧವಾಗಿ, ಕುಡುಗೋಲಿನಂತಾಗಿ ಬದಲಾಗುತ್ತಿತ್ತು. ಕೋಣೆಯ ನಡುವೆ ಒಂದು ದೀಪವಿಟ್ಟು, ಒಬ್ಬರು ನಿಂಬೆಹಣ್ಣು ಹಿಡಿದು ದೀಪದ ಸುತ್ತ ನಡೆದರೆ, ದೂರದಲ್ಲಿ ಕುಳಿತವರಿಗೆ ಹಣ್ಣಿನ ಬೆಳಗಿದ ಭಾಗ ಹಾಗೆಯೇ ಹೆಚ್ಚುಕಡಿಮೆಯಾಗುತ್ತದೆ. ಹಣ್ಣು ದೀಪದ ಆಚೆ ಬದಿಗೆ ಹೋದಾಗ ಮಾತ್ರ ಅದರ ಬೆಳಗಿದ ಮುಖ ಹೆಚ್ಚುಕಡಿಮೆ ಪೂರ್ತಿ ಕಾಣುತ್ತದೆ. ಶುಕ್ರ ಸೂರ್ಯನನ್ನೇ ಸುತ್ತುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕೇ?

1611ರಲ್ಲಿ ಗೆಲಿಲಿಯೊ ರೋಮಿಗೆ ಹೋದಾಗ ಅಲ್ಲಿನ ಯೇಸುಸಭೆಯ ವಿದ್ವಾಂಸರು ತಾವೂ ದೂರದರ್ಶಕದಲ್ಲಿ ನೋಡಿ ಅವನು ಕಂಡದ್ದು ನಿಜವೆಂದು ಒಪ್ಪಿ ಸನ್ಮಾನಿಸಿದರು. ಇದನ್ನು ನಾವು ಮರೆಯಬಾರದು. ಧರ್ಮಸಭೆಯೆಂದರೆ ಕಣ್ಣು ಮುಚ್ಚಿ ಕುಳಿತವರ ಗುಂಪಾಗಿರಲಿಲ್ಲ.

ಪವಿತ್ರ ಗ್ರಂಥ ಏನನ್ನು ಕಲಿಸುತ್ತದೆ?

ಹಾಗಾದರೆ ಜಗಳ ಎಲ್ಲಿ ಹುಟ್ಟಿತು? ಯೆಹೋಶುವನ ಪ್ರಾರ್ಥನೆಗೆ ಸೂರ್ಯ ನಿಂತನೆಂದು ಪವಿತ್ರ ಗ್ರಂಥದಲ್ಲಿದೆ. ನಿಲ್ಲಬೇಕಾದರೆ ಅದು ಚಲಿಸುತ್ತಿರಬೇಕು, ಆದ್ದರಿಂದ ಭೂಮಿ ಚಲಿಸುತ್ತದೆ ಎನ್ನುವುದು ವಿಶ್ವಾಸಕ್ಕೆ ವಿರುದ್ಧ ಎಂದು ಕೆಲವರು ವಾದಿಸಿದರು. ಗೆಲಿಲಿಯೊ 1613ರಲ್ಲಿ ತನ್ನ ಶಿಷ್ಯರಾದ ಬೆನೆದಿಕ್ತ ಸಭೆಯ ಸನ್ಯಾಸಿ ಕಸ್ತೆಲ್ಲಿಯವರಿಗೂ, 1615ರಲ್ಲಿ ಅರಸು ಮನೆತನದ ಕ್ರಿಸ್ತೀನಾ ಎಂಬ ಹಿರಿಯ ಮಹಿಳೆಗೂ ಪತ್ರಗಳನ್ನು ಬರೆದು ತನ್ನ ನಿಲುವನ್ನು ವಿವರಿಸಿದ. ಸೃಷ್ಟಿಯೂ ಪವಿತ್ರ ಗ್ರಂಥವೂ ಒಬ್ಬನೇ ದೇವರಿಂದ ಬಂದವು, ಅವು ಒಂದಕ್ಕೊಂದು ಸುಳ್ಳು ಹೇಳಲಾರವು ಎಂಬುದು ಅವನ ನಂಬಿಕೆ. ಗ್ರಂಥವನ್ನು ನಮಗೆ ಕೊಟ್ಟಿರುವುದು ರಕ್ಷಣೆಯ ದಾರಿ ತೋರಿಸಲಿಕ್ಕೆ, ಗ್ರಹಗಳ ದಾರಿ ಕಲಿಸಲಿಕ್ಕಲ್ಲ ಎಂದು ಅವನು ವಾದಿಸಿದ. ಇದಕ್ಕೆ ಸಂತ ಅಗಸ್ಟೀನರ ಬರಹಗಳನ್ನೇ ಆಧಾರವಾಗಿ ತೋರಿಸಿದ.

ಆದರೆ ಪ್ರೊಟೆಸ್ಟೆಂಟ್ ಒಡಕಿನಿಂದ ಗಾಯಗೊಂಡಿದ್ದ ಧರ್ಮಸಭೆ ಆಗ ಗ್ರಂಥದ ಅರ್ಥ ವಿವರಣೆಯ ವಿಷಯದಲ್ಲಿ ಬಹಳ ಬಿಗಿಯಾಗಿತ್ತು. ಸಾಮಾನ್ಯ ವಿಶ್ವಾಸಿಯೊಬ್ಬ ಗ್ರಂಥದ ಅರ್ಥ ಹೇಳಹೊರಟದ್ದು ಹಲವರಿಗೆ ಹಿಡಿಸಲಿಲ್ಲ. ಮುಂದೆ ಸಂತರೆಂದು ಘೋಷಿತರಾದ ಕಾರ್ಡಿನಲ್ ರಾಬರ್ಟ್ ಬೆಲ್ಲರ್ಮಿನ್ ಅವರು, ಭೂಮಿ ಚಲಿಸುತ್ತದೆಂಬುದಕ್ಕೆ ನಿಜವಾದ ಪುರಾವೆ ಇದ್ದರೆ ಗ್ರಂಥದ ಆ ಭಾಗಗಳನ್ನು ಎಚ್ಚರದಿಂದ ಮರಳಿ ಅರ್ಥೈಸಬೇಕಾದೀತು, ಆದರೆ ಅಂಥ ಪುರಾವೆ ತಮಗಿನ್ನೂ ಕಂಡಿಲ್ಲ ಎಂದಿದ್ದರು. ಪೂರ್ಣ ಪುರಾವೆ ಗೆಲಿಲಿಯೊನ ಬಳಿಯೂ ಇರಲಿಲ್ಲವೆಂಬುದು ನಿಜ. ಭೂಮಿಯ ಚಲನೆಯಿಂದಲೇ ಸಮುದ್ರದ ಉಬ್ಬರವಿಳಿತ ಉಂಟಾಗುತ್ತದೆ ಎಂದು ಅವನು ಕೊಟ್ಟ ವಾದ ತಪ್ಪಾಗಿತ್ತು. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರಗಳ ಸ್ಥಾನ ತುಸು ಸರಿದಂತೆ ಕಾಣಬೇಕು. ಅದನ್ನು ಅಳೆಯಲು ಸಾಧ್ಯವಾದದ್ದು 1838ರಲ್ಲಿ. 1616ರ ಮಾರ್ಚಿನಲ್ಲಿ ಕೋಪರ್ನಿಕಸನ ಗ್ರಂಥಕ್ಕೆ ತಿದ್ದುಪಡಿಯಾಗುವವರೆಗೆ ತಡೆ ಬಿತ್ತು. ಆ ಮತವನ್ನು ಎತ್ತಿಹಿಡಿಯಬಾರದೆಂದು ಗೆಲಿಲಿಯೊಗೂ ಎಚ್ಚರಿಕೆ ಕೊಡಲಾಯಿತು.

ಕನ್ಯಾಮಠದ ಮಗಳು

ಪದುವಾದಲ್ಲಿದ್ದಾಗ ಗೆಲಿಲಿಯೊ ಮರೀನಾ ಗಾಂಬ ಎಂಬವಳೊಂದಿಗೆ ವಿವಾಹವಿಲ್ಲದೆ ಬಾಳಿದ್ದ. ವಿರ್ಜೀನಿಯ, ಲೀವಿಯ, ವಿನ್ಚೆಂಜೊ ಎಂಬ ಮೂವರು ಮಕ್ಕಳು ಹುಟ್ಟಿದರು. ಫ್ಲಾರೆನ್ಸಿಗೆ ಮರಳಿದ ಮೇಲೆ, ಮದುವೆಯಿಲ್ಲದೆ ಹುಟ್ಟಿದ ಹೆಣ್ಣುಮಕ್ಕಳಿಗೆ ಗಂಡು ಸಿಗುವುದು ಕಷ್ಟವೆಂದು ಅವರಿಬ್ಬರನ್ನೂ 1613ರಲ್ಲಿ ಅರ್ಚೆತ್ರಿ ಎಂಬಲ್ಲಿನ ಸಂತ ಮತ್ತಾಯರ ಕನ್ಯಾಮಠಕ್ಕೆ ಸೇರಿಸಿದ. ಹಿರಿಯವಳಿಗೆ ಆಗ 13 ವರ್ಷ. ಅವರ ಇಷ್ಟವನ್ನು ಕೇಳುವ ವಾಡಿಕೆ ಆ ಕಾಲಕ್ಕೆ ಇರಲಿಲ್ಲ. ತಂದೆಯ ತಪ್ಪಿನ ಹೊರೆ ಮಕ್ಕಳ ಮೇಲೆ ಬಿದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ.

ಅದು ಸಂತ ಕ್ಲಾರಾರ ಸಭೆಯ ಬಡ ಮಠ. ವಿರ್ಜೀನಿಯ 1616ರಲ್ಲಿ ವ್ರತ ಸ್ವೀಕರಿಸಿ ಮರಿಯ ಚೆಲೆಸ್ತೆ ಎಂಬ ಹೆಸರು ಪಡೆದಳು. ಚೆಲೆಸ್ತೆ ಎಂದರೆ ಆಕಾಶಕ್ಕೆ, ಸ್ವರ್ಗಕ್ಕೆ ಸೇರಿದವಳು. ಅವಳ ಹೆಸರಿನಲ್ಲಿ ತಂದೆಯ ಆಕಾಶವೂ ಮಗಳ ಸ್ವರ್ಗವೂ ಒಂದಾದವು. ಅವಳು ಮಠದಲ್ಲಿ ಔಷಧಿಗಳನ್ನು ತಯಾರಿಸುತ್ತಿದ್ದಳು, ರೋಗಿಗಳ ಆರೈಕೆ ಮಾಡುತ್ತಿದ್ದಳು. ತಂದೆಯ ಅಂಗಿಯ ಕೊರಳಪಟ್ಟಿಗಳನ್ನು ಹೊಲಿದು ಸರಿಪಡಿಸುತ್ತಿದ್ದಳು, ಹಣ್ಣಿನ ಸಿಹಿ ತಿಂಡಿ ಮಾಡಿ ಕಳುಹಿಸುತ್ತಿದ್ದಳು, ಅವನ ಬರಹಗಳ ಪ್ರತಿ ಮಾಡಿಕೊಡುತ್ತಿದ್ದಳು. ತಂದೆಯೂ ಸುಮ್ಮನಿರಲಿಲ್ಲ. ಮಠಕ್ಕೆ ಹಣ, ಹಣ್ಣು ಕಳುಹಿಸುತ್ತಿದ್ದ. ಗ್ರಹಗಳ ಚಲನೆಯ ಬಗ್ಗೆ ಜಗತ್ತಿನೊಂದಿಗೆ ವಾದಿಸುತ್ತಿದ್ದವನು ಕೆಟ್ಟುನಿಂತ ಮಠದ ಗಡಿಯಾರವನ್ನೂ ರಿಪೇರಿ ಮಾಡಿಕೊಟ್ಟ. 1623ರಿಂದ 1633ರವರೆಗೆ ಅವಳು ಬರೆದ 124 ಪತ್ರಗಳು ಇಂದಿಗೂ ಉಳಿದಿವೆ. ತಂದೆ ಬರೆದ ಉತ್ತರಗಳು ಉಳಿದಿಲ್ಲ.

ಮೂವರ ಮಾತುಕತೆ

1623ರಲ್ಲಿ ಗೆಲಿಲಿಯೊನ ಅಭಿಮಾನಿಯಾಗಿದ್ದ ಕಾರ್ಡಿನಲ್ ಬಾರ್ಬೆರೀನಿಯವರೇ ಜಗದ್ಗುರು ಎಂಟನೇ ಉರ್ಬಾನರಾದರು. ಎರಡೂ ಮತಗಳನ್ನು ಪಕ್ಷಪಾತವಿಲ್ಲದೆ ಚರ್ಚಿಸುವ ಪುಸ್ತಕ ಬರೆಯಬಹುದೆಂಬ ಧೈರ್ಯ ಗೆಲಿಲಿಯೊಗೆ ಬಂತು. ಅವನ ಸಂವಾದ ಗ್ರಂಥ 1632ರಲ್ಲಿ ಫ್ಲಾರೆನ್ಸಿನಲ್ಲಿ ಅಚ್ಚಾಯಿತು. ಅದನ್ನು ಅವನು ಲತೀನಿನಲ್ಲಿ ಬರೆಯಲಿಲ್ಲ, ಇಟಲಿಯ ಜನರ ಆಡುಮಾತಿನಲ್ಲಿ ಬರೆದ.

ಅದರಲ್ಲಿ ಮೂವರು ಸ್ನೇಹಿತರು ನಾಲ್ಕು ದಿನ ಮಾತನಾಡುತ್ತಾರೆ. ಸಾಲ್ವಿಯಾತಿ ಹೊಸ ಮತದವನು. ಸಿಂಪ್ಲಿಚಿಯೊ ಅರಿಸ್ಟಾಟಲನ ಭಕ್ತ. ಮೂರನೆಯವನು ಸಗ್ರೆದೊ, ಪಂಡಿತನಲ್ಲದ ಆದರೆ ತಿಳಿಯುವ ಹಂಬಲವುಳ್ಳ ನಾಗರಿಕ. ಅವನು ಪ್ರಶ್ನೆ ಕೇಳುತ್ತಾನೆ, ಉದಾಹರಣೆ ಬೇಡುತ್ತಾನೆ, ಅರ್ಥವಾದಾಗ ಸಂತೋಷಪಡುತ್ತಾನೆ. ಇಡೀ ಪುಸ್ತಕ ಬರೆದಿರುವುದೇ ಅವನಂಥ ಹೊಸಬನಿಗಾಗಿ. ಏನೂ ತಿಳಿಯದವನನ್ನು ಹೀಗಳೆಯದೆ, ವಿದ್ವಾಂಸರ ಜೊತೆಗೆ ಅವನಿಗೂ ಮಣೆ ಹಾಕಿ ಕೂರಿಸಿದ್ದು ಗೆಲಿಲಿಯೊನ ದೊಡ್ಡತನ.

ಭೂಮಿ ಚಲಿಸುತ್ತಿದ್ದರೆ ನಮಗೇಕೆ ತಿಳಿಯುವುದಿಲ್ಲ ಎಂಬುದು ಎಲ್ಲರ ಪ್ರಶ್ನೆ. ಅದಕ್ಕೆ ಅವನು ಹಡಗಿನ ಒಳಕೋಣೆಯ ಉದಾಹರಣೆ ಕೊಟ್ಟ. ಅಲ್ಲಿ ಚಿಟ್ಟೆಗಳು ಹಾರುತ್ತಿವೆ, ಮೇಲೆ ತೂಗುಹಾಕಿದ ಪಾತ್ರೆಯಿಂದ ನೀರು ತೊಟ್ಟಿಕ್ಕುತ್ತಿದೆ. ಹಡಗು ನಿಂತಿರಲಿ, ಅಲುಗಾಡದೆ ಒಂದೇ ವೇಗದಲ್ಲಿ ಸಾಗುತ್ತಿರಲಿ, ಚಿಟ್ಟೆಗಳು ಹಾಗೆಯೇ ಹಾರುತ್ತವೆ, ಹನಿಗಳು ನೇರ ಕೆಳಗಿನ ಪಾತ್ರೆಗೇ ಬೀಳುತ್ತವೆ. ನಾವು ಇದನ್ನು ರೈಲಿನಲ್ಲಿ ನೋಡಬಹುದು. ಸಮವಾಗಿ ಓಡುವ ರೈಲಿನೊಳಗೆ ಕುಳಿತು ನಾಣ್ಯವೊಂದನ್ನು ನೇರ ಮೇಲಕ್ಕೆ ಚಿಮ್ಮಿಸಿದರೆ ಅದು ಹಿಂದಿನ ಸೀಟಿಗೆ ಹೋಗುವುದಿಲ್ಲ, ನಮ್ಮ ಕೈಗೇ ಬೀಳುತ್ತದೆ. ರೈಲಿನ ವೇಗ ನಾಣ್ಯದಲ್ಲೂ ಇದೆ, ನಮ್ಮಲ್ಲೂ ಇದೆ. ಭೂಮಿ ಸಮಭಾಜಕ ವೃತ್ತದ ಬಳಿ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ತನ್ನ ಸುತ್ತ ತಿರುಗುತ್ತದೆ, ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತದೆ. ನಾವೂ ಗಾಳಿಯೂ ಮರಗಿಡಗಳೂ ಅದರೊಂದಿಗೆ ಸಾಗುತ್ತಿರುವುದರಿಂದ ನಮಗೆ ಗೊತ್ತಾಗುವುದಿಲ್ಲ.

ತೀರ್ಪು ಮತ್ತು ಏಳು ಕೀರ್ತನೆಗಳು

ಪುಸ್ತಕ ಓದಿದವರಿಗೆ ಯಾರ ಕೈ ಮೇಲಾಗಿದೆಯೆಂದು ತಿಳಿಯದೇ ಇರಲಿಲ್ಲ. ಜಗದ್ಗುರುಗಳು ತಾವೇ ಹೇಳುತ್ತಿದ್ದ ವಾದವೊಂದನ್ನು ಸೋಲುವ ಸಿಂಪ್ಲಿಚಿಯೊನ ಬಾಯಲ್ಲಿ ಕಂಡು ನೊಂದುಕೊಂಡರು. ಪುಸ್ತಕದ ಮಾರಾಟ ನಿಂತಿತು. ಗೆಲಿಲಿಯೊಗೆ ರೋಮಿನಿಂದ ಕರೆ ಬಂತು. ಚಳಿಗಾಲ, ಪ್ಲೇಗಿನ ಭಯ, ಕಾಯಿಲೆಯ ಶರೀರ. 1633ರ ಫೆಬ್ರವರಿಯಲ್ಲಿ ಅವನು ರೋಮ್ ತಲುಪಿದ.

ಜೂನ್ 22ರಂದು, 69ರ ವಯಸ್ಸಿನ ಆ ಮುದುಕ ಮೊಣಕಾಲೂರಿ, ಭೂಮಿ ಚಲಿಸುತ್ತದೆಂಬ ಮತವನ್ನು ತಾನು ತ್ಯಜಿಸುವುದಾಗಿ ಓದಿ ಹೇಳಬೇಕಾಯಿತು. ಕತ್ತಲ ಸೆರೆಮನೆಗೆ ಅವನನ್ನು ತಳ್ಳಲಿಲ್ಲ, ಚಿತ್ರಹಿಂಸೆ ಕೊಡಲಿಲ್ಲ. ಆದರೆ ತಾನು ಸತ್ಯವೆಂದು ಕಂಡದ್ದನ್ನು ಅಲ್ಲವೆಂದು ಹೇಳಿಸಿದ್ದು ಚಿಕ್ಕ ನೋವಲ್ಲ. ಹತ್ತು ಮಂದಿ ಕಾರ್ಡಿನಲರಲ್ಲಿ ಮೂವರು ತೀರ್ಪಿಗೆ ಸಹಿ ಹಾಕಲಿಲ್ಲ. ಸೆರೆವಾಸದ ಶಿಕ್ಷೆ ಗೃಹಬಂಧನವಾಗಿ ಬದಲಾಯಿತು. ಮೂರು ವರ್ಷ ವಾರಕ್ಕೊಮ್ಮೆ ಏಳು ಪಶ್ಚಾತ್ತಾಪ ಕೀರ್ತನೆಗಳನ್ನು ಹೇಳಬೇಕೆಂಬ ಪ್ರಾಯಶ್ಚಿತ್ತವೂ ಇತ್ತು.

ತಂದೆ ದೂರವಿದ್ದ ಆ ತಿಂಗಳುಗಳಲ್ಲಿ ಮಗಳು ಮಠದೊಳಗಿದ್ದೇ ಅವನ ಮನೆಯ ಲೆಕ್ಕಪತ್ರ ನೋಡಿಕೊಂಡಳು, ತೋಟದ ನಿಂಬೆಹಣ್ಣಿನ ಸುದ್ದಿ ಬರೆದಳು, ಧೈರ್ಯ ಹೇಳಿದಳು. ತೀರ್ಪಿನ ವಿವರ ತಿಳಿದಾಗ ಆ ಏಳು ಕೀರ್ತನೆಗಳ ಭಾರವನ್ನು ತಾನೇ ಹೊತ್ತುಕೊಂಡಳು. ತಂದೆಯ ಪರವಾಗಿ ಅವನ್ನು ತಾನು ಹೇಳತೊಡಗಿದಳು. ತಂದೆ ತಪ್ಪಿತಸ್ಥನೆಂದು ಅವಳು ಅವನನ್ನು ತೊರೆಯಲಿಲ್ಲ. ತೀರ್ಪು ಕೊಟ್ಟರೆಂದು ಧರ್ಮಸಭೆಯನ್ನೂ ತೊರೆಯಲಿಲ್ಲ. ಎರಡು ಪ್ರೀತಿಗಳ ನಡುವೆ ಹರಿದುಹೋಗಬಹುದಾಗಿದ್ದ ಹೃದಯವನ್ನು ಪ್ರಾರ್ಥನೆಯಲ್ಲಿ ಹಿಡಿದಿಟ್ಟಳು.

ಸಿಯೆನಾದ ಮಹಾಧರ್ಮಾಧ್ಯಕ್ಷರಾದ ಪಿಕ್ಕೊಲೊಮಿನಿಯವರು ಗೆಲಿಲಿಯೊನನ್ನು ಕೆಲವು ತಿಂಗಳು ತಮ್ಮ ಮನೆಯಲ್ಲಿಟ್ಟುಕೊಂಡು ಅತಿಥಿಯಂತೆ ಆದರಿಸಿದರು. ಡಿಸೆಂಬರಿನಲ್ಲಿ ಅವನು ಮಠದ ಸಮೀಪದ ಮನೆಗೆ ಮರಳಿದ. ತಂದೆ ಮಗಳ ಸಂತೋಷ ನಾಲ್ಕು ತಿಂಗಳೂ ಉಳಿಯಲಿಲ್ಲ. 1634ರ ಏಪ್ರಿಲ್ 2ರಂದು ಮರಿಯ ಚೆಲೆಸ್ತೆ ಆಮಶಂಕೆಯಿಂದ ತೀರಿಕೊಂಡಳು. ಅವಳಿಗೆ 33 ವರ್ಷ.

ಕತ್ತಲೆಯಲ್ಲಿ ಬೆಳಕು

ಮಗಳ ಸಾವು ಗೆಲಿಲಿಯೊನನ್ನು ನೆಲಕ್ಕೆ ಕೆಡವಿತು. ಆದರೂ ಅವನು ಎದ್ದು ಕುಳಿತ. ಯೌವನದಲ್ಲಿ ಹಲಗೆಯ ಮೇಲೆ ಗುಂಡು ಉರುಳಿಸಿ ಕಲಿತದ್ದನ್ನೆಲ್ಲ ಕೂಡಿಸಿ ಎರಡು ಹೊಸ ವಿಜ್ಞಾನಗಳ ಬಗ್ಗೆ ಕೊನೆಯ ಗ್ರಂಥ ಬರೆದ. ಅದರಲ್ಲೂ ಅದೇ ಮೂವರು ಸ್ನೇಹಿತರು ಮಾತನಾಡುತ್ತಾರೆ. ಅದು 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಭೌತವಿಜ್ಞಾನದ ಅಡಿಪಾಯವೆನ್ನುವುದು ಈ ಗ್ರಂಥವನ್ನೇ. ಅಷ್ಟರಲ್ಲಿ, ಆಕಾಶವನ್ನು ಯಾರೂ ನೋಡದಷ್ಟು ನೋಡಿದ ಆ ಕಣ್ಣುಗಳು ಪೂರ್ತಿ ಕುರುಡಾಗಿದ್ದವು. ಯುವಕ ವಿವಿಯಾನಿ ಬಂದು ಜೊತೆಗಿದ್ದ. 1641ರಲ್ಲಿ ಲೋಲಕದಿಂದ ನಡೆಯುವ ಗಡಿಯಾರದ ಯೋಚನೆಯನ್ನು ಕುರುಡು ತಂದೆ ಮಗ ವಿನ್ಚೆಂಜೊಗೆ ಹೇಳಿ ಚಿತ್ರ ಬರೆಸಿದ. 1642ರ ಜನವರಿ 8ರಂದು ಅವನ ಬದುಕು ಮುಗಿಯಿತು.

ಅವನನ್ನು ಫ್ಲಾರೆನ್ಸಿನ ಪವಿತ್ರ ಶಿಲುಬೆಯ ದೇವಾಲಯದಲ್ಲಿ ಸದ್ದಿಲ್ಲದೆ ಒಂದು ಸಣ್ಣ ಕೋಣೆಯಲ್ಲಿ ಹೂಳಲಾಯಿತು. 1737ರಲ್ಲಿ ತಕ್ಕ ಸ್ಮಾರಕಕ್ಕೆ ಸ್ಥಳಾಂತರಿಸಲು ಸಮಾಧಿ ತೆರೆದಾಗ ಅಲ್ಲಿ ಯುವತಿಯೊಬ್ಬಳ ಅವಶೇಷವೂ ಇತ್ತು. ಅದು ಮರಿಯ ಚೆಲೆಸ್ತೆಯದೆಂದೇ ನಂಬಲಾಗಿದೆ. ಸ್ಮಾರಕದ ಮೇಲೆ ಅವಳ ಹೆಸರಿಲ್ಲದಿದ್ದರೂ ತಂದೆಯ ಬಳಿಯೇ ಅವಳೂ ಮಲಗಿದ್ದಾಳೆ.

ನಮ್ಮ ಮನೆಗಳಿಗೆ

ಧರ್ಮಸಭೆ ತನ್ನ ತಪ್ಪನ್ನು ನಿಧಾನವಾಗಿ ತಿದ್ದಿಕೊಂಡಿತು. 1835ರ ವೇಳೆಗೆ ಗೆಲಿಲಿಯೊನ ಗ್ರಂಥ ನಿಷೇಧಿತ ಪುಸ್ತಕಗಳ ಪಟ್ಟಿಯಿಂದ ಹೊರಬಂತು. ಜಗದ್ಗುರು ಎರಡನೇ ಜಾನ್ ಪಾಲರು 1979ರಲ್ಲಿ ಈ ವಿಷಯವನ್ನು ಮತ್ತೆ ಪ್ರಾಮಾಣಿಕವಾಗಿ ಪರಿಶೀಲಿಸಬೇಕೆಂದು ಕೇಳಿಕೊಂಡು, 1981ರಲ್ಲಿ ಒಂದು ಸಮಿತಿ ನೇಮಿಸಿದರು. 1992ರ ಅಕ್ಟೋಬರ್ 31ರಂದು ಅವರು, ಅಂದಿನ ದೈವಶಾಸ್ತ್ರಜ್ಞರು ತಪ್ಪಿದ್ದರು, ಗ್ರಂಥವನ್ನು ಹೇಗೆ ಓದಬೇಕೆಂಬ ವಿಷಯದಲ್ಲಿ ವಿಶ್ವಾಸಿ ಗೆಲಿಲಿಯೊ ಅವರಿಗಿಂತ ಚೆನ್ನಾಗಿ ಕಂಡಿದ್ದ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ತಪ್ಪನ್ನು ಒಪ್ಪಿಕೊಳ್ಳುವುದರಿಂದ ವಿಶ್ವಾಸ ಕುಗ್ಗುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಕುಗ್ಗುತ್ತದೆ.

ಆದ್ದರಿಂದ, ತಂದೆತಾಯಂದಿರೇ, ಮಕ್ಕಳು ಈ ಪ್ರಶ್ನೆ ಕೇಳಿದರೆ ಇಡೀ ಕಥೆಯನ್ನು ಹೇಳಿರಿ. ಪವಿತ್ರ ಗ್ರಂಥದಲ್ಲಿ ಹುಡುಕಬೇಕಾದದ್ದನ್ನು ಅಲ್ಲಿ ಹುಡುಕಲಿ, ಸೃಷ್ಟಿಯಲ್ಲಿ ನೋಡಬೇಕಾದದ್ದನ್ನು ಸೃಷ್ಟಿಯಲ್ಲೇ ನೋಡಲಿ. ಗುರು ಗ್ರಹ ರಾತ್ರಿಯ ಆಕಾಶದಲ್ಲಿ ಹೊಳೆಯುವ ತಿಂಗಳುಗಳಲ್ಲಿ, ಸಂಜೆಯ ಪ್ರಾರ್ಥನೆ ಮುಗಿದ ಮೇಲೆ, ಮಕ್ಕಳನ್ನು ಅಂಗಳಕ್ಕೋ ತಾರಸಿಗೋ ಕರೆದೊಯ್ಯಿರಿ. ಎಲ್ಲಿಂದಲಾದರೂ ಒಂದು ಬಿನಾಕ್ಯುಲರ್ ಎರವಲು ತಂದು, ಕೈ ನಡುಗದಂತೆ ಗೋಡೆಗೆ ಆನಿಸಿ ಹಿಡಿದು ನೋಡಿರಿ. ಗುರುವಿನ ಅಕ್ಕಪಕ್ಕದಲ್ಲಿ ಒಂದೇ ಸಾಲಿನಲ್ಲಿ ಸಣ್ಣ ಚುಕ್ಕಿಗಳು ಕಂಡಾವು. ಎಷ್ಟು, ಯಾವ ಬದಿಗೆ ಎಂದು ಮಗುವಿನ ಕೈಯಲ್ಲಿ ಒಂದು ಹಾಳೆಯ ಮೇಲೆ ಬರೆಸಿರಿ. ಮರುದಿನ ಮತ್ತೆ ನೋಡಿರಿ. ಚುಕ್ಕಿಗಳು ಜಾಗ ಬದಲಿಸಿರುತ್ತವೆ.